ಸರ್ವರ್ ನಿಧಾನವೆಂದಾಗ: ಡೇಟಾಬೇಸ್ ಡಿಸ್ಕಿನ ನಾಡಿ ಹಿಡಿಯುವ ಬಗೆ

ಬ್ಯಾಂಕಿನ ಕೌಂಟರ್ ಇರಲಿ, ಕಚೇರಿಯ ಕಿಟಕಿ ಇರಲಿ, ಆಸ್ಪತ್ರೆಯ ಬಿಲ್ ವಿಭಾಗವಿರಲಿ, ನಾವೆಲ್ಲರೂ ಒಮ್ಮೆಯಾದರೂ ಕೇಳಿರುವ ಉತ್ತರ ಒಂದಿದೆ: 'ಸರ್ವರ್ ಸ್ಲೋ ಇದೆ, ಸ್ವಲ್ಪ ಕಾಯಿರಿ.' ಕಿಟಕಿಯ ಹೊರಗೆ ನಿಂತವರಿಗೆ ಒಳಗಿರುವ ಗುಮಾಸ್ತರ ಮೇಲೆ ಸಿಟ್ಟು. ಗುಮಾಸ್ತರಿಗೆ ಗಣಕಯಂತ್ರದ ಮೇಲೆ ಸಿಟ್ಟು. ತಂತ್ರಾಂಶ ಬರೆದವರು ಯಂತ್ರಾಂಶವನ್ನು ದೂರುತ್ತಾರೆ, ಯಂತ್ರಾಂಶ ಮಾರಿದವರು ತಂತ್ರಾಂಶವನ್ನು ದೂರುತ್ತಾರೆ. ಕೊನೆಗೆ ಹೊಸ ಸರ್ವರ್ ಕೊಳ್ಳುವುದೆಂದು ತೀರ್ಮಾನವಾಗುತ್ತದೆ. ಲಕ್ಷಾಂತರ ರೂಪಾಯಿ ವೆಚ್ಚವಾದ ಮೇಲೆ ಕೆಲವು ತಿಂಗಳು ಎಲ್ಲವೂ ಸರಾಗ; ಬಳಿಕ ಮತ್ತೆ ಅದೇ ಮಾತು.

ರೋಗ ಯಾವುದೆಂದು ತಿಳಿಯದೆ ಔಷಧ ಕೊಟ್ಟರೆ ಆಗುವುದೇ ಹೀಗೆ. 'ನಿಧಾನ' ಎಂಬುದು ರೋಗಲಕ್ಷಣವೇ ಹೊರತು ರೋಗವಲ್ಲ. ಡೇಟಾಬೇಸ್ ಸರ್ವರುಗಳಲ್ಲಿ ಈ ಲಕ್ಷಣ ಕಾಣಿಸಿಕೊಂಡಾಗ ಅನುಮಾನ ಹಲವು ವೇಳೆ ಡಿಸ್ಕಿನ ಮೇಲೆ ಬೀಳುತ್ತದೆ. ಆ ಅನುಮಾನ ನಿಜವೇ, ನಿಜವಾದರೆ ತಪ್ಪು ಡಿಸ್ಕಿನದೇ ಅಥವಾ ಅದರಿಂದ ಅತಿಯಾಗಿ ಕೆಲಸ ತೆಗೆಯುತ್ತಿರುವವರದೇ ಎಂಬುದನ್ನು ಅಳತೆಯಿಂದಲೇ ನಿರ್ಣಯಿಸಬಹುದು. ಅದಕ್ಕೆ ಬೇಕಾದ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಬೇಕಾದುದು ಸರಿಯಾದ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳುವ ತಾಳ್ಮೆ.

ಡಿಸ್ಕು ಏಕೆ ಎಡವುತ್ತದೆ?

ಹಳೆಯ ಕಚೇರಿಗಳ ದಾಖಲೆ ಕೊಠಡಿಯನ್ನು ನೆನಪಿಸಿಕೊಳ್ಳಿ. ಗುಮಾಸ್ತರ ಮೇಜಿನ ಮೇಲಿರುವ ಕಡತವನ್ನು ತೆರೆಯಲು ಕ್ಷಣ ಸಾಕು. ಮೇಜಿನ ಮೇಲೆ ಇಲ್ಲದ ಕಡತವನ್ನು ತರಲು ಜವಾನರು ದಾಖಲೆ ಕೊಠಡಿಗೆ ಹೋಗಿ, ಕಪಾಟು ಹುಡುಕಿ, ಕಟ್ಟು ಬಿಚ್ಚಿ ತರಬೇಕು. ಡೇಟಾಬೇಸಿನಲ್ಲಿ ಮೇಜೆಂದರೆ ರ್‍ಯಾಮ್ ಸ್ಮೃತಿ. ದಾಖಲೆ ಕೊಠಡಿಯೆಂದರೆ ಡಿಸ್ಕ್.

ಇವೆರಡರ ನಡುವಿನ ಅಂತರ ನಮ್ಮ ಊಹೆಗೂ ಮೀರಿದ್ದು. ಸ್ಮೃತಿಯಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಸಾಧಾರಣ ಎಸ್‌ಎಸ್‌ಡಿಯಿಂದ ಪಡೆಯಲು ಸುಮಾರು 100 ಮೈಕ್ರೋಸೆಕೆಂಡ್ ಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಪಡೆಯಲು 12 ಮಿಲಿಸೆಕೆಂಡ್ ಹಿಡಿದರೂ ಆಶ್ಚರ್ಯವಿಲ್ಲ. ಸ್ಮೃತಿಯ ಕೆಲಸಕ್ಕೆ ಒಂದು ಸೆಕೆಂಡ್ ಎಂದು ಹಿಗ್ಗಿಸಿ ನೋಡಿದರೆ, ಎಸ್‌ಎಸ್‌ಡಿಗೆ ಸುಮಾರು 17 ನಿಮಿಷ, ಹಾರ್ಡ್ ಡಿಸ್ಕಿಗೆ ಸುಮಾರು 33 ಗಂಟೆ. ಮೇಜಿನ ಮೇಲಿನ ಕಡತಕ್ಕೂ ನಾಳೆ ಸಂಜೆ ಬರುವ ಕಡತಕ್ಕೂ ಇರುವ ವ್ಯತ್ಯಾಸವಿದು.

ಹಾರ್ಡ್ ಡಿಸ್ಕಿನ ಈ ನಿಧಾನಕ್ಕೆ ಕಾರಣ ಭೌತಿಕವಾದುದು. 1956ರಲ್ಲಿ ಐಬಿಎಂ ಕಂಪನಿ ರ್‍ಯಾಮ್ಯಾಕ್ ಗಣಕದೊಡನೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಅಂದಿನಿಂದ ಧಾರಣಶಕ್ತಿ ಕೋಟಿಪಾಲು ಹತ್ತಿರಕ್ಕೆ ಬೆಳೆದಿದ್ದರೂ ಕೆಲಸದ ರೀತಿ ಅದೇ: ತಟ್ಟೆ ತಿರುಗಬೇಕು, ತೋಳು ಚಲಿಸಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್. ತೋಳು ಸರಿಯಲು ಮತ್ತೆ 8ರಿಂದ 9 ಮಿಲಿಸೆಕೆಂಡ್. ಹೀಗೆ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಓದುವಾಗ ಇಂಥ ಒಂದು ಡಿಸ್ಕು ಸೆಕೆಂಡಿಗೆ ಸುಮಾರು 80 ಕೋರಿಕೆಗಳನ್ನಷ್ಟೇ ಪೂರೈಸಬಲ್ಲದು. ಅದೇ ಡಿಸ್ಕು ಸಾಲಾಗಿ ಇರುವ ಮಾಹಿತಿಯನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ಓದಬಲ್ಲದು. ದೊಡ್ಡ ಕಡತವೊಂದನ್ನು ನಕಲು ಮಾಡಿ 'ಡಿಸ್ಕು ವೇಗವಾಗಿಯೇ ಇದೆ' ಎಂದು ತೀರ್ಪು ಕೊಡುವವರು ಮೋಸ ಹೋಗುವುದು ಇಲ್ಲಿಯೇ. ಡೇಟಾಬೇಸಿನ ನಿತ್ಯದ ಕೆಲಸ ಹೆಚ್ಚಾಗಿ ಚದುರಿದ ಓದು.

ಮೊದಲ ಪ್ರಶ್ನೆ: ಕಾಯುತ್ತಿರುವುದು ಯಾವುದಕ್ಕೆ?

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಒಂದು ಪತ್ತಿನ ಸಹಕಾರ ಸಂಘ. ಲಿನಕ್ಸ್ ಮೇಲೆ ನಡೆಯುವ ಹಳೆಯ ಸರ್ವರ್, 4 ಗಿಗಾಬೈಟ್ ಸ್ಮೃತಿ, ಒಂದಕ್ಕೊಂದು ಪ್ರತಿಬಿಂಬವಾಗಿರುವ ಎರಡು ಹಾರ್ಡ್ ಡಿಸ್ಕುಗಳು. ಕಳೆದ ವರ್ಷದವರೆಗೂ ಪಾಸ್‌ಬುಕ್ ಭರ್ತಿ ಕ್ಷಣಾರ್ಧದ ಕೆಲಸವಾಗಿತ್ತು. ಈಗ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದೊಂದು ಪಾಸ್‌ಬುಕ್ಕಿಗೆ ನಿಮಿಷಗಳೇ ಹಿಡಿಯುತ್ತಿವೆ. ಸಂಜೆ ಐದರ ನಂತರ ಮತ್ತೆ ಸುಧಾರಣೆ.

ಇಲ್ಲಿ ಕಾಯುವಿಕೆಗೆ ಮುಖ್ಯವಾಗಿ ಮೂರು ಕಾರಣಗಳಿರಬಹುದು. ಸಂಸ್ಕಾರಕಕ್ಕೆ, ಅಂದರೆ ಸಿಪಿಯುಗೆ, ಕೆಲಸ ಹೆಚ್ಚಾಗಿರಬಹುದು. ಡಿಸ್ಕು ಮಾಹಿತಿ ಕೊಡಲು ತಡಮಾಡುತ್ತಿರಬಹುದು. ಅಥವಾ ಒಬ್ಬರು ಬೀಗ ಹಾಕಿ ಹಿಡಿದ ದಾಖಲೆಗಾಗಿ ಉಳಿದವರು ಕಾಯುತ್ತಿರಬಹುದು. ಡೇಟಾಬೇಸಿನ ಭಾಷೆಯಲ್ಲಿ ಇದು 'ಲಾಕ್'. ಮೂರಕ್ಕೂ ಪರದೆಯ ಮೇಲೆ ಕಾಣುವ ಲಕ್ಷಣ ಒಂದೇ, ಚಿಕಿತ್ಸೆ ಬೇರೆ ಬೇರೆ.

ಲಿನಕ್ಸಿನಲ್ಲಿ 'ಟಾಪ್' ಎಂಬ ಆದೇಶ ಕೊಟ್ಟರೆ ಮೇಲಿನ ಸಾಲುಗಳಲ್ಲಿ ಸಂಸ್ಕಾರಕದ ಸಮಯ ಹೇಗೆ ವ್ಯಯವಾಗುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಅದರಲ್ಲಿ 'ಡಬ್ಲ್ಯುಎ' ಎಂಬ ಅಂಕಣವು ಸಂಸ್ಕಾರಕವು ಬಿಡುವಾಗಿದ್ದು, ಯಾವುದೋ ಕೆಲಸ ಡಿಸ್ಕಿಗಾಗಿ ಕಾಯುತ್ತಿದ್ದ ಕಾಲದ ಶೇಕಡಾವಾರು. ಅದು 30, 40 ಎಂದು ಏರಿದ್ದರೆ ಡಿಸ್ಕಿನ ಕಡೆ ನೋಡಲು ಕಾರಣವಿದೆ. ಆದರೆ ಇದನ್ನು ಕುರುಡಾಗಿ ನಂಬಬಾರದು. ಸಂಸ್ಕಾರಕಕ್ಕೆ ಬೇರೆ ಕೆಲಸ ಸಿಕ್ಕಿದೊಡನೆ, ಡಿಸ್ಕು ಅಷ್ಟೇ ನಿಧಾನವಿದ್ದರೂ, ಈ ಅಂಕಿ ಇಳಿಯುತ್ತದೆ. ಹಾಗೆಯೇ ಲಿನಕ್ಸಿನ 'ಲೋಡ್ ಆವರೇಜ್' ಸಂಖ್ಯೆಯಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸಗಳೂ ಸೇರಿರುತ್ತವೆ. ಅದು ಏರಿದ ಮಾತ್ರಕ್ಕೆ ಹೆಚ್ಚು ಶಕ್ತಿಯ ಸಂಸ್ಕಾರಕ ಬೇಕೆಂದು ಅರ್ಥವಲ್ಲ. ಸಂಸ್ಕಾರಕವೂ ಬಿಡುವು, ಡಿಸ್ಕೂ ಬಿಡುವು, ಆದರೂ ಪರದೆ ನಿಂತಿದೆ ಎಂದರೆ ಬೀಗದ ಸಂಶಯ ಬಲವಾಗುತ್ತದೆ.

ಡೇಟಾಬೇಸನ್ನೂ ನೇರವಾಗಿ ಕೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಸಂಪರ್ಕ ಆ ಕ್ಷಣ ಯಾವುದಕ್ಕೆ ಕಾಯುತ್ತಿದೆ ಎಂದು ತಿಳಿಸುವ ಕೋಷ್ಟಕವಿದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಪೇಜ್ ಐಒ ಲ್ಯಾಚ್' ಎಂಬ ಹೆಸರಿನ ಕಾಯುವಿಕೆ ಪಟ್ಟಿಯ ಮೇಲ್ಭಾಗದಲ್ಲಿದ್ದರೆ, ಪುಟ ಡಿಸ್ಕಿನಿಂದ ಬರುವುದನ್ನು ಕಾಯಲಾಗುತ್ತಿದೆ ಎಂದರ್ಥ. ಒರಾಕಲ್‌ನಲ್ಲಿ 'ಡಿಬಿ ಫೈಲ್ ಸೀಕ್ವೆನ್ಷಿಯಲ್ ರೀಡ್' ಎಂಬುದು, ಹೆಸರಿಗೆ ವಿರುದ್ಧವಾಗಿ, ಒಂದೊಂದೇ ಪುಟದ ಚದುರಿದ ಓದನ್ನು ಸೂಚಿಸುತ್ತದೆ.

ಎರಡನೆಯ ಪ್ರಶ್ನೆ: ಎಷ್ಟು ಹೊತ್ತು ಕಾಯುತ್ತಿದೆ?

ಡಿಸ್ಕಿನ ನಾಡಿ ನೋಡುವ ಪ್ರಮುಖ ಸಾಧನ 'ಐಒಸ್ಟ್ಯಾಟ್'. ಲಿನಕ್ಸಿನ 'ಸಿಸ್‌ಸ್ಟ್ಯಾಟ್' ಎಂಬ ಉಚಿತ ಸಾಧನಗಳ ಗುಂಪಿನಲ್ಲಿ ಇದು ದೊರೆಯುತ್ತದೆ. ವಿವರವಾದ ವರದಿಯನ್ನು ಐದು ಸೆಕೆಂಡಿಗೊಮ್ಮೆ ಮುದ್ರಿಸುವಂತೆ ಕೇಳಬೇಕು. ಸಾಮಾನ್ಯವಾಗಿ ಮೊದಲ ವರದಿಯು ಯಂತ್ರ ಚಾಲೂ ಆದಾಗಿನಿಂದ ಇಂದಿನವರೆಗಿನ ಸರಾಸರಿ. ಅದನ್ನು ಬದಿಗಿಟ್ಟು ಎರಡನೆಯದರಿಂದ ಓದಬೇಕು. ಈ ಸಣ್ಣ ಸಂಗತಿ ತಿಳಿಯದೆ 'ಎಲ್ಲವೂ ಸರಿಯಿದೆ' ಎಂದು ಷರಾ ಬರೆದವರು ಕಡಿಮೆಯೇನಿಲ್ಲ.

ವರದಿಯಲ್ಲಿ ಹಲವು ಅಂಕಣಗಳಿದ್ದರೂ ನಾಲ್ಕು ಮುಖ್ಯ. ಸೆಕೆಂಡಿಗೆ ಎಷ್ಟು ಓದುವ ಮತ್ತು ಬರೆಯುವ ಕೋರಿಕೆಗಳು ಪೂರ್ಣಗೊಂಡವು ಎಂಬುದು ಒಂದು. ಒಂದು ಕೋರಿಕೆ ಸರದಿಯಲ್ಲಿ ನಿಂತ ಸಮಯವನ್ನೂ ಸೇರಿಸಿ ಮುಗಿಯಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದು ಎರಡನೆಯದು, ಅದೇ 'ಅವೇಯ್ಟ್'. ಸರಾಸರಿ ಎಷ್ಟು ಕೋರಿಕೆಗಳು ಬಾಕಿಯಿದ್ದವು ಎಂಬುದು ಮೂರನೆಯದು. ಡಿಸ್ಕು ಕೆಲಸದಲ್ಲಿದ್ದ ಕಾಲದ ಶೇಕಡಾವಾರು ನಾಲ್ಕನೆಯದು.

ಈ ನಾಲ್ಕರಲ್ಲಿ ಹೆಚ್ಚು ಜನರ ಕಣ್ಣು ಬೀಳುವುದು ಕೊನೆಯದರ ಮೇಲೆ. 'ಶೇ. 100 ಆಗಿದೆ, ಡಿಸ್ಕು ತುಂಬಿಹೋಗಿದೆ' ಎಂಬ ಉದ್ಗಾರ ಸಾಮಾನ್ಯ. ಒಂದೇ ತೋಳಿನ ಹಾರ್ಡ್ ಡಿಸ್ಕಿಗೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಎಸ್‌ಎಸ್‌ಡಿ ಅಥವಾ ಹಲವು ಡಿಸ್ಕುಗಳ ಸಮೂಹ ಏಕಕಾಲಕ್ಕೆ ಅನೇಕ ಕೋರಿಕೆಗಳನ್ನು ಪೂರೈಸಬಲ್ಲದು. ಹತ್ತು ಕೌಂಟರುಗಳಿರುವ ಕಚೇರಿಯಲ್ಲಿ ಯಾವುದಾದರೂ ಒಂದು ಕೌಂಟರಿನಲ್ಲಿ ಸದಾ ಒಬ್ಬ ಗಿರಾಕಿ ಇದ್ದರೆ ಕಚೇರಿ ಪೂರ್ತಿ ತುಂಬಿದೆ ಎನ್ನಲಾಗದು. ಆದ್ದರಿಂದ ನಂಬಬೇಕಾದುದು ಅವೇಯ್ಟ್ ಅನ್ನು. ಹಾರ್ಡ್ ಡಿಸ್ಕಿನಲ್ಲಿ 10ರಿಂದ 15 ಮಿಲಿಸೆಕೆಂಡ್ ಸಹಜ. ಎಸ್‌ಎಸ್‌ಡಿಯಲ್ಲಿ ಒಂದು ಮಿಲಿಸೆಕೆಂಡಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇರಬೇಕು. ಎಸ್‌ಎಸ್‌ಡಿ ಇರುವ ಸರ್ವರಿನಲ್ಲಿ 20 ಮಿಲಿಸೆಕೆಂಡ್ ಸ್ಥಿರವಾಗಿ ಕಂಡರೆ ಯಾವುದೋ ಕೆಟ್ಟಿದೆ ಅಥವಾ ಎಲ್ಲೋ ಮಿತಿಯೊಂದು ಅಡ್ಡ ಬಂದಿದೆ.

ನಮ್ಮ ಸಂಘದ ಸರ್ವರಿನಲ್ಲಿ ಹನ್ನೊಂದು ಗಂಟೆಗೆ ಸೆಕೆಂಡಿಗೆ 150 ಓದು, ಪ್ರತಿಯೊಂದಕ್ಕೂ 40 ಮಿಲಿಸೆಕೆಂಡ್ ಎಂದು ಕಾಣಿಸಿತೆನ್ನಿ. ಅಮೆರಿಕದ ಗಣಿತಜ್ಞ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದು ಇಲ್ಲಿ ನೆರವಿಗೆ ಬರುತ್ತದೆ: ಬರುವ ವೇಗವನ್ನು ಇರುವ ಹೊತ್ತಿನಿಂದ ಗುಣಿಸಿದರೆ ಸರದಿಯ ಉದ್ದ ಸಿಗುತ್ತದೆ. 150ನ್ನು 0.040ರಿಂದ ಗುಣಿಸಿದರೆ 6. ಯಾವ ಕ್ಷಣ ನೋಡಿದರೂ ಆರು ಕೋರಿಕೆಗಳು ಡಿಸ್ಕಿನ ಬಳಿ ಇವೆ. ಇರುವ ಡಿಸ್ಕುಗಳು ಎರಡೇ. ಎರಡು ಡಿಸ್ಕುಗಳು ಸೇರಿ ಸೆಕೆಂಡಿಗೆ ಸುಮಾರು 160 ಚದುರಿದ ಓದನ್ನು ಪೂರೈಸಬಲ್ಲವು. ಅವು ಈಗ 150 ಪೂರೈಸುತ್ತಿವೆ. ಅಂದರೆ ಡಿಸ್ಕು ಸೋಮಾರಿಯಲ್ಲ, ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತಿದೆ. ಕೌಂಟರಿನ ಹೊರಗಿನ ಸರದಿಗೂ ಡಿಸ್ಕಿನ ಮುಂದಿನ ಸರದಿಗೂ ಅನ್ವಯಿಸುವ ಗಣಿತ ಒಂದೇ.

ಇಲ್ಲಿಂದ ದಾರಿ ಎರಡಾಗಿ ಕವಲೊಡೆಯುತ್ತದೆ. ಕೋರಿಕೆಗಳು ಬಹಳವಾಗಿದ್ದು ಸಮಯ ಹೆಚ್ಚಿದ್ದರೆ, ಅಷ್ಟೊಂದು ಕೇಳುತ್ತಿರುವವರು ಯಾರೆಂದು ಹುಡುಕಬೇಕು. ಕೋರಿಕೆಗಳು ಕಡಿಮೆಯಿದ್ದೂ ಸಮಯ ಹೆಚ್ಚಿದ್ದರೆ, ಡಿಸ್ಕು ಅಥವಾ ಅದರ ದಾರಿಯೇ ರೋಗಿ.

ಅತಿಯಾಗಿ ಕೇಳುತ್ತಿರುವವರು ಯಾರು?

ಮೊದಲ ಕವಲನ್ನು ಹಿಡಿಯೋಣ. 'ಐಒಟಾಪ್' ಅಥವಾ 'ಪಿಡ್‌ಸ್ಟ್ಯಾಟ್' ಆದೇಶ ಯಾವ ಕಾರ್ಯಕ್ರಮ ಎಷ್ಟು ಓದುತ್ತಿದೆ ಎಂದು ಹೇಳುತ್ತದೆ. ಕೆಲವೊಮ್ಮೆ ಅಪರಾಧಿ ಡೇಟಾಬೇಸೇ ಆಗಿರುವುದಿಲ್ಲ. ರಾತ್ರಿ ಮುಗಿಯಬೇಕಾದ ಬ್ಯಾಕಪ್ ಕೆಲಸ ಬೆಳೆದು ಬೆಳೆದು ಬೆಳಗಿನ ಹನ್ನೊಂದಕ್ಕೆ ಬಂದು ನಿಂತಿರುತ್ತದೆ. ಅಥವಾ ವೈರಾಣು ಶೋಧಕ ತಂತ್ರಾಂಶ ಡೇಟಾಬೇಸಿನ ಕಡತಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿರುತ್ತದೆ.

ಡೇಟಾಬೇಸೇ ಕೇಳುತ್ತಿದ್ದರೆ, ಯಾವ ಪ್ರಶ್ನೆಗಾಗಿ ಎಂಬುದು ಮುಂದಿನ ಹುಡುಕಾಟ. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನ ಪ್ರಶ್ನೆಗಳ ದಿನಚರಿ ಇಡುವ ಏರ್ಪಾಡಿದೆ. ಪೋಸ್ಟ್‌ಗ್ರೆಸ್‌ನಲ್ಲಿ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಎಂಬ ವಿಸ್ತರಣೆ ಪ್ರತಿಯೊಂದು ಬಗೆಯ ಪ್ರಶ್ನೆಗೆ ಒಟ್ಟು ಎಷ್ಟು ಸಮಯ, ಎಷ್ಟು ಪುಟಗಳ ಓದು ಎಂಬ ಲೆಕ್ಕ ಇಡುತ್ತದೆ. ಸಂಶಯದ ಪ್ರಶ್ನೆಯನ್ನು 'ಎಕ್ಸ್‌ಪ್ಲೇನ್ ಅನಲೈಸ್ ಬಫರ್ಸ್' ಆಯ್ಕೆಯೊಡನೆ ನಡೆಸಿದರೆ, ಯಾವ ದಾರಿಯಲ್ಲಿ ಉತ್ತರ ಹುಡುಕಲಾಯಿತು, ಎಷ್ಟು ಪುಟಗಳು ಡೇಟಾಬೇಸಿನ ಸ್ಮೃತಿಯಲ್ಲೇ ಸಿಕ್ಕವು, ಎಷ್ಟನ್ನು ಹೊರಗಿನಿಂದ ತರಬೇಕಾಯಿತು ಎಂದು ತಿಳಿಯುತ್ತದೆ.

ಸಂಘದ ವಹಿವಾಟು ಕೋಷ್ಟಕದಲ್ಲಿ 2 ಕೋಟಿ ಸಾಲುಗಳಿವೆ ಎಂದುಕೊಳ್ಳಿ. ಒಂದೊಂದು ಸಾಲು 200 ಬೈಟ್ ಆದರೆ ಒಟ್ಟು 4 ಗಿಗಾಬೈಟ್. ಖಾತೆ ಸಂಖ್ಯೆಯ ಮೇಲೆ ಸೂಚಿ, ಅಂದರೆ ಇಂಡೆಕ್ಸ್, ಇಲ್ಲದಿದ್ದರೆ ಒಬ್ಬ ಸದಸ್ಯರ ಪಾಸ್‌ಬುಕ್ಕಿಗಾಗಿ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಸೆಕೆಂಡಿಗೆ 150 ಮೆಗಾಬೈಟಿನಂತೆ ಅಡೆತಡೆಯಿಲ್ಲದೆ ಓದಿದರೂ 27 ಸೆಕೆಂಡ್. ನಾಲ್ಕು ಕೌಂಟರುಗಳಲ್ಲಿ ಏಕಕಾಲಕ್ಕೆ ಇದೇ ನಡೆದರೆ ಡಿಸ್ಕಿನ ತೋಳು ಅಲ್ಲಿಂದಿಲ್ಲಿಗೆ ಓಡಾಡಿ, ಸಾಲು ಓದು ಚದುರಿದ ಓದಾಗಿ ಮಾರ್ಪಟ್ಟು, ಸೆಕೆಂಡುಗಳು ನಿಮಿಷಗಳಾಗುತ್ತವೆ.

'ಕಳೆದ ವರ್ಷ ಇದೇ ತಂತ್ರಾಂಶ ಚೆನ್ನಾಗಿಯೇ ನಡೆಯುತ್ತಿತ್ತಲ್ಲ?' ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಸ್ಮೃತಿಯಲ್ಲಿದೆ. ಕಳೆದ ವರ್ಷ ಕೋಷ್ಟಕ ಎರಡೂವರೆ ಗಿಗಾಬೈಟ್ ಇದ್ದು, ಸರ್ವರಿನ ಸ್ಮೃತಿಯಲ್ಲಿ ಪೂರ್ತಿಯಾಗಿ ಹಿಡಿಯುತ್ತಿತ್ತು. ಆಗಲೂ ಪ್ರತಿ ಬಾರಿ ಇಡೀ ಕೋಷ್ಟಕವನ್ನೇ ಓದಲಾಗುತ್ತಿತ್ತು. ಆದರೆ ಮೇಜಿನ ಮೇಲೆಯೇ ಓದಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಕೋಷ್ಟಕ ಸ್ಮೃತಿಗಿಂತ ದೊಡ್ಡದಾದ ವಾರವೇ ಪ್ರತಿ ಓದೂ ದಾಖಲೆ ಕೊಠಡಿಗೆ ಹೋಗತೊಡಗಿತು. ಡೇಟಾಬೇಸಿನ ನಿಧಾನ ಮೆಲ್ಲಮೆಲ್ಲನೆ ಬರದೆ ಪ್ರಪಾತದಂತೆ ಒಮ್ಮೆಗೇ ಎದುರಾಗುವುದಕ್ಕೆ ಇದೇ ಕಾರಣ. ತಪ್ಪು ಹಳೆಯದು, ಕಂಡದ್ದು ಈಗ.

ಚಿಕಿತ್ಸೆ ಹೊಸ ಸರ್ವರ್ ಅಲ್ಲ, ಒಂದು ಸೂಚಿ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ಅದು ಮೂರು ನಾಲ್ಕು ಪುಟ ತಿರುವುವುದರೊಳಗೆ ಬೇಕಾದ ಜಾಗ ತೋರಿಸುತ್ತದೆ. ಪಾಸ್‌ಬುಕ್ಕಿನ 30 ನಮೂದುಗಳು 30 ಕಡೆ ಚದುರಿದ್ದರೂ ಒಟ್ಟು 34 ಓದು. ಒಂದಕ್ಕೆ 12 ಮಿಲಿಸೆಕೆಂಡಿನಂತೆ ಅರ್ಧ ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಸೂಚಿ ರಚನೆಯೂ ಡಿಸ್ಕಿಗೆ ಭಾರವೇ ಆದ್ದರಿಂದ ಅದನ್ನು ಕಚೇರಿ ಮುಗಿದ ಮೇಲೆ ಮಾಡುವುದು ಜಾಣತನ.

ಸ್ಮೃತಿಯ ಹಂಚಿಕೆಯನ್ನೂ ಪರಿಶೀಲಿಸಬೇಕು. ಪೋಸ್ಟ್‌ಗ್ರೆಸ್‌ನ ಹಂಚಿಕೆಯ ಬಫರ್ ಮತ್ತು ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಬಫರ್ ಪೂಲ್, ಎರಡರ ಮೂಲ ಗಾತ್ರವೂ ಕೇವಲ 128 ಮೆಗಾಬೈಟ್. 64 ಗಿಗಾಬೈಟ್ ಸ್ಮೃತಿಯ ಸರ್ವರ್ ಕೊಂಡು ಈ ಸಂಖ್ಯೆಯನ್ನು ಬದಲಿಸದೇ ಬಿಟ್ಟರೆ, ವಿಶಾಲವಾದ ಮೇಜಿನ ಮೂಲೆಯೊಂದನ್ನು ಮಾತ್ರ ಬಳಸಿದಂತೆ.

ಡಿಸ್ಕೇ ರೋಗಿಯಾದಾಗ

ಎರಡನೆಯ ಕವಲಿನ ಕಾರಣಗಳು ಬೇರೆ. ಸಾಯುವ ಹಂತದ ಹಾರ್ಡ್ ಡಿಸ್ಕು ಒಮ್ಮೆಗೇ ಕೈಕೊಡದಿರಬಹುದು. ಹಾಳಾದ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸಿ, ಒಂದೊಂದು ಕೋರಿಕೆಗೆ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ 'ಸ್ಮಾರ್ಟ್' ದಾಖಲೆಯಲ್ಲಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ವಿಭಾಗಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ತಡಮಾಡಬಾರದು.

ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ 'ರೇಡ್' ವ್ಯವಸ್ಥೆಯನ್ನು ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದರು. ಅದರ ಐದನೆಯ ಮಾದರಿಯಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಡಿಸ್ಕು ಕೆಲಸಗಳು ಬೇಕು: ಹಳೆಯ ಮಾಹಿತಿ ಮತ್ತು ಹಳೆಯ ಸಮತಾ ಲೆಕ್ಕವನ್ನು ಓದಬೇಕು, ಹೊಸತೆರಡನ್ನು ಬರೆಯಬೇಕು. ಜಾಗ ಉಳಿಸಲು ಈ ಮಾದರಿ ಆರಿಸಿಕೊಂಡು, ಬಳಿಕ ಬರಹ ನಿಧಾನವೆಂದು ದೂರುವುದರಲ್ಲಿ ಅರ್ಥವಿಲ್ಲ.

ರೇಡ್ ನಿಯಂತ್ರಕದೊಳಗಿನ ಪುಟ್ಟ ಬ್ಯಾಟರಿಯ ಕಥೆ ಇನ್ನೂ ಸ್ವಾರಸ್ಯಕರ. ಆ ಬ್ಯಾಟರಿ ಚೆನ್ನಾಗಿರುವವರೆಗೆ ನಿಯಂತ್ರಕವು ಬರಹವನ್ನು ತನ್ನ ಸ್ಮೃತಿಯಲ್ಲಿ ಇರಿಸಿಕೊಂಡು 'ಬರೆದಾಯಿತು' ಎಂದು ತಕ್ಷಣ ಹೇಳುತ್ತದೆ. ವಿದ್ಯುತ್ ಹೋದರೂ ಬ್ಯಾಟರಿ ಅದನ್ನು ಕಾಯುತ್ತದೆ. ಬ್ಯಾಟರಿ ಹಳತಾದರೆ ನಿಯಂತ್ರಕ ಸಾಮಾನ್ಯವಾಗಿ ಈ ಸೌಲಭ್ಯ ನಿಲ್ಲಿಸಿ, ಪ್ರತಿ ಬರಹವನ್ನೂ ನೇರವಾಗಿ ಡಿಸ್ಕಿಗೆ ಕಳುಹಿಸುತ್ತದೆ. ಸರ್ವರ್ ಕೆಡುವುದಿಲ್ಲ, ಡೇಟಾಬೇಸಿನಲ್ಲಿ ದೋಷ ಸಂದೇಶವೂ ಬರುವುದಿಲ್ಲ. ವೇಗ ಮಾತ್ರ ಒಂದು ಬೆಳಿಗ್ಗೆ ಹಲವು ಪಟ್ಟು ಕುಸಿದಿರುತ್ತದೆ. ಇಡೀ ಸರ್ವರಿನ ಬೆಲೆಯ ಮುಂದೆ ಅಲ್ಪವೆನಿಸುವ ಬ್ಯಾಟರಿ ಬದಲಿಸಿದರೆ ಗುಣವಾಗುವ ರೋಗವಿದು.

ಶಬ್ದವೂ ಡಿಸ್ಕನ್ನು ಕಾಡಬಲ್ಲದು. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಕಪಾಟಿನ ಎದುರು ಜೋರಾಗಿ ಕಿರುಚಿ, ಆ ಕಂಪನದಿಂದಲೇ ಡಿಸ್ಕಿನ ವಿಳಂಬ ಏರುವುದನ್ನು ಪರದೆಯ ಮೇಲೆ ತೋರಿಸಿದ ವಿಡಿಯೋ ತಂತ್ರಜ್ಞರ ವಲಯದಲ್ಲಿ ಪ್ರಸಿದ್ಧ. 2016ರ ಸೆಪ್ಟೆಂಬರಿನಲ್ಲಿ ಬುಖಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ದತ್ತಾಂಶ ಕೇಂದ್ರದಲ್ಲಿ ಅಗ್ನಿಶಾಮಕ ವ್ಯವಸ್ಥೆಯ ಪರೀಕ್ಷೆ ನಡೆದಾಗ, ಅನಿಲ ನುಗ್ಗಿದ ಭಾರೀ ಶಬ್ದಕ್ಕೆ ಹಾರ್ಡ್ ಡಿಸ್ಕುಗಳು ಹಾನಿಗೊಂಡು ಸುಮಾರು ಹತ್ತು ಗಂಟೆ ಸೇವೆ ಸ್ಥಗಿತವಾಗಿತ್ತು.

ಸರ್ವರ್ 'ಮೇಘ'ದಲ್ಲಿದ್ದರೆ, ಅಂದರೆ ಕ್ಲೌಡ್ ಸೇವೆಯಲ್ಲಿದ್ದರೆ, ಡಿಸ್ಕಿಗೆ ಭೌತಿಕ ರೋಗಕ್ಕಿಂತ ಒಪ್ಪಂದದ ಮಿತಿ ಹೆಚ್ಚು ಮುಖ್ಯ. ಅಮೆಜಾನ್‌ನ 'ಜಿಪಿ2' ಮಾದರಿಯ 100 ಗಿಗಾಬೈಟ್ ಡಿಸ್ಕಿಗೆ ಸೆಕೆಂಡಿಗೆ 300 ಕೋರಿಕೆಗಳಷ್ಟೇ ಹಕ್ಕು. ಉಳಿತಾಯ ಖಾತೆಯಂತೆ ಕೂಡಿಟ್ಟ 54 ಲಕ್ಷ ಅಂಕಗಳನ್ನು ಖರ್ಚು ಮಾಡಿ ಸ್ವಲ್ಪ ಕಾಲ ಸೆಕೆಂಡಿಗೆ 3000ದವರೆಗೆ ಓಡಬಹುದು. ಆ ವೇಗದಲ್ಲಿ ಖಾತೆ ಬರಿದಾಗಲು ಸುಮಾರು 33 ನಿಮಿಷ ಸಾಕು. ಬೆಳಿಗ್ಗೆ ಹತ್ತಕ್ಕೆ ಚುರುಕಾಗಿದ್ದ ವ್ಯವಸ್ಥೆ ಹತ್ತೂವರೆಯ ನಂತರ ಕುಂಟತೊಡಗಿದರೆ ಈ ಲೆಕ್ಕವನ್ನೊಮ್ಮೆ ನೋಡಬೇಕು. 2020ರ ಡಿಸೆಂಬರಿನಲ್ಲಿ ಬಂದ 'ಜಿಪಿ3' ಮಾದರಿಯಲ್ಲಿ ಗಾತ್ರ ಎಷ್ಟೇ ಇದ್ದರೂ 3000 ಕೋರಿಕೆಗಳು ಮೂಲ ಹಕ್ಕಾಗಿ ಸಿಗುತ್ತವೆ.

ವೇಗದ ಆಸೆಗೆ ಲೆಕ್ಕವನ್ನೇ ಪಣಕ್ಕಿಡದಿರಿ

ಬರಹದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಣ ಜಮೆಯಾದಾಗ ಡೇಟಾಬೇಸ್ ಮೊದಲು ತನ್ನ ದಿನಚರಿ ಕಡತದಲ್ಲಿ ಅದನ್ನು ಬರೆದು, ಅದು ಡಿಸ್ಕಿನಲ್ಲಿ ನಿಜವಾಗಿ ಮೂಡಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ 'ಆಯಿತು' ಎನ್ನುತ್ತದೆ. ಈ ಖಾತ್ರಿಗೆ 'ಎಫ್‌ಸಿಂಕ್' ಎಂದು ಹೆಸರು. ಬ್ಯಾಟರಿಯ ರಕ್ಷಣೆಯಿಲ್ಲದ 7200 ಸುತ್ತಿನ ಡಿಸ್ಕಿನಲ್ಲಿ ಒಂದರ ಹಿಂದೊಂದು ನಡೆಯುವ ಇಂಥ ಖಾತ್ರಿಗಳು ಸೆಕೆಂಡಿಗೆ ಸುಮಾರು 120ನ್ನು ಮೀರಲಾರವು, ಏಕೆಂದರೆ ತಟ್ಟೆ ಸೆಕೆಂಡಿಗೆ ತಿರುಗುವುದೇ 120 ಸುತ್ತು.

ಇದನ್ನು ಕಂಡ ಕೆಲವರು ಎಫ್‌ಸಿಂಕ್ ಅನ್ನೇ ಆರಿಸಿಬಿಡುವ ಸಲಹೆ ಕೊಡುತ್ತಾರೆ. ವೇಗ ಏರುವುದು ನಿಜ. ಆದರೆ ಮುಂದಿನ ವಿದ್ಯುತ್ ಕಡಿತದಲ್ಲಿ ಇಡೀ ಡೇಟಾಬೇಸ್ ಸರಿಪಡಿಸಲಾಗದಂತೆ ಕೆಡಬಹುದೆಂದು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಕೊನೆಯ ಕ್ಷಣಗಳ ವಹಿವಾಟು ಮಾತ್ರ ನಷ್ಟವಾಗಬಹುದಾದ ಸೌಮ್ಯ ಆಯ್ಕೆಗಳೂ ಇವೆ. ಜಾಲತಾಣವೊಂದರ ಭೇಟಿಗಳ ಎಣಿಕೆಗೆ ಅವು ಒಪ್ಪುತ್ತವೆ, ಜನರ ಠೇವಣಿಗೆ ಒಪ್ಪುವುದಿಲ್ಲ. ಸದಸ್ಯರು ಕಟ್ಟಿದ ಹಣಕ್ಕೆ ರಸೀದಿ ಕೊಟ್ಟು, ಲೆಕ್ಕದಲ್ಲಿ ಅದು ಇಲ್ಲದೇ ಹೋದರೆ ಉತ್ತರ ಹೇಳಬೇಕಾದವರು ಯಾರು?

ಅವಸರವೂ ಅಷ್ಟೇ ಅಪಾಯಕಾರಿ. 2017ರ ಜನವರಿ 31ರಂದು ತಂತ್ರಾಂಶ ಸಂಸ್ಥೆ ಗಿಟ್‌ಲ್ಯಾಬ್‌ನ ಡೇಟಾಬೇಸ್ ಭಾರದಿಂದ ಬಳಲಿ, ಅದರ ಪ್ರತಿ ಹಿಂದೆ ಬಿತ್ತು. ರಾತ್ರಿ ಅದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ಪ್ರತಿಯ ಕಡತಗಳೆಂದು ಭಾವಿಸಿ ಮೂಲ ಸರ್ವರಿನ ಸುಮಾರು 300 ಗಿಗಾಬೈಟ್ ಕಡತಗಳನ್ನೇ ಅಳಿಸತೊಡಗಿದರು. ತಪ್ಪು ಅರಿವಾಗುವ ಹೊತ್ತಿಗೆ ಬಹುಪಾಲು ಹೋಗಿತ್ತು. ನಿತ್ಯದ ಬ್ಯಾಕಪ್ ಕೆಲಸ ವಿಫಲವಾಗುತ್ತಿದ್ದುದೂ ಆಗಲೇ ತಿಳಿದದ್ದು. ಸುಮಾರು ಆರು ಗಂಟೆ ಹಿಂದಿನ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ಆದರೆ ಅದು ಅಗ್ಗದ, ನಿಧಾನದ ಡಿಸ್ಕಿನ ಮೇಲಿದ್ದುದರಿಂದ ನಕಲು ಮಾಡಲು ಸುಮಾರು 18 ಗಂಟೆ ಹಿಡಿಯಿತು. ಸಂಸ್ಥೆ ಈ ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದ ಉಳಿದವರಿಗೆ ಪಾಠವಾಯಿತು.

ಅನುಸರಿಸಬೇಕಾದ ಕ್ರಮ

* ಏನನ್ನೂ ಬದಲಿಸುವ ಮೊದಲು ಬ್ಯಾಕಪ್ ಇದೆಯೇ, ಅದರಿಂದ ಮರಳಿ ಪಡೆಯಲು ಸಾಧ್ಯವೇ ಎಂದು ಪರೀಕ್ಷಿಸಿ.
* ನಿಧಾನ ಯಾವಾಗ, ಯಾವ ಕೆಲಸದಲ್ಲಿ ಎಂದು ಗಡಿಯಾರ ಹಿಡಿದು ಬರೆದಿಡಿ.
* ಕಾಯುವಿಕೆ ಸಂಸ್ಕಾರಕಕ್ಕೋ ಡಿಸ್ಕಿಗೋ ಬೀಗಕ್ಕೋ ಎಂದು ಬೇರ್ಪಡಿಸಿ.
* ಡಿಸ್ಕಿಗಾದರೆ ಕೋರಿಕೆಗಳ ಸಂಖ್ಯೆ ಮತ್ತು ಅವೇಯ್ಟ್ ಎರಡನ್ನೂ ಒಟ್ಟಿಗೆ ನೋಡಿ.
* ಕೋರಿಕೆ ಹೆಚ್ಚಿದ್ದರೆ ಪ್ರಶ್ನೆ, ಸೂಚಿ, ಸ್ಮೃತಿ, ಬ್ಯಾಕಪ್ ವೇಳೆಯನ್ನು ಪರಿಶೀಲಿಸಿ; ಕಡಿಮೆಯಿದ್ದರೆ ಡಿಸ್ಕಿನ ಆರೋಗ್ಯ, ರೇಡ್, ಬ್ಯಾಟರಿ, ಮೇಘದ ಮಿತಿಯನ್ನು ನೋಡಿ.
* ಡಿಸ್ಕಿನ ಶಕ್ತಿ ಅಳೆಯುವ 'ಎಫ್‌ಐಒ'ದಂಥ ಸಾಧನವನ್ನು ಖಾಲಿ ಡಿಸ್ಕಿನ ಮೇಲೆ ಮಾತ್ರ ಬಳಸಿ. ಬರಹದ ಪರೀಕ್ಷೆಯನ್ನು ತಪ್ಪು ಡಿಸ್ಕಿನ ಮೇಲೆ ನಡೆಸಿದರೆ ಅಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.
* ಒಮ್ಮೆಗೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ.

ಎಲ್ಲಕ್ಕಿಂತ ಮುಖ್ಯವಾದುದು, ವ್ಯವಸ್ಥೆ ಚೆನ್ನಾಗಿರುವ ದಿನಗಳ ಅಂಕಿಗಳನ್ನು ಕೂಡಿಡುವುದು. ಸಿಸ್‌ಸ್ಟ್ಯಾಟ್‌ನ 'ಸಾರ್' ಸಾಧನ ಹತ್ತು ನಿಮಿಷಕ್ಕೊಮ್ಮೆ ಈ ಲೆಕ್ಕವನ್ನು ತಾನಾಗಿ ಬರೆದಿಡಬಲ್ಲದು. ಆರೋಗ್ಯವಂತನ ನಾಡಿ ಗೊತ್ತಿದ್ದವರಿಗಷ್ಟೇ ರೋಗಿಯ ನಾಡಿ ಅರ್ಥವಾಗುತ್ತದೆ.

ಕೆಲವೊಮ್ಮೆ ಎಲ್ಲ ಅಳತೆಯ ಬಳಿಕವೂ ಹೊಸ ಡಿಸ್ಕೇ ಬೇಕೆಂದು ಸಿದ್ಧವಾಗಬಹುದು. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬದಲಾದಾಗ ಸಿಗುವ ಲಾಭ ಅಪಾರ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೂಚಿಯಿಲ್ಲದ ಕೋಷ್ಟಕವನ್ನು ವೇಗದ ಡಿಸ್ಕಿನ ಮೇಲೆ ಇಟ್ಟರೆ ಪ್ರಪಾತ ಕೆಲವು ವರ್ಷ ಮುಂದಕ್ಕೆ ಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಖರೀದಿಯ ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳು ಮತ್ತು ಆಡಳಿತ ಮಂಡಳಿಯವರು ಮಾರಾಟಗಾರರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕು: ನಿಧಾನವಿದ್ದ ಹೊತ್ತಿನಲ್ಲಿ ಒಂದು ಕೋರಿಕೆ ಎಷ್ಟು ಮಿಲಿಸೆಕೆಂಡ್ ಕಾಯಿತು, ಯಾವುದಕ್ಕಾಗಿ? ಉತ್ತರ ಅಂಕಿಯಲ್ಲಿ ಬಂದರೆ ಚರ್ಚೆ ಮುಂದುವರಿಸಬಹುದು. ಬರದಿದ್ದರೆ, ಕೌಂಟರಿನ ಹೊರಗೆ ಬಿಸಿಲಿನಲ್ಲಿ ನಿಂತವರ ಸರದಿ ಹೊಸ ಸರ್ವರ್ ಬಂದ ಮೇಲೂ ಕರಗುತ್ತದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ.